ವಿಮಾನಪುರವೂ ಆಮ್ಲಜನಕವಾಹಿಯಾದ ಪಿಂಗಾಣಿಯೂ

ಊರುಗಳ ಹೆಸರುಗಳಲ್ಲಿ ಕೆಲವು ದೇವರಿಂದ ಬಂದವು, ಕೆಲವು ಕೆರೆಗಳಿಂದ ಬಂದವು, ಮತ್ತೆ ಕೆಲವು ಪಾಳೆಯಗಾರರಿಂದ ಬಂದವು. ಬೆಂಗಳೂರಿನ ಮೂಡಣದಲ್ಲಿ, ಹಲಸೂರನ್ನು ದಾಟಿ ಮುಂದಕ್ಕಿರುವ ವಿಮಾನಪುರದ ಹೆಸರಾದರೋ ಕಸುಬಿನಿಂದ ಬಂದದ್ದು. ೧೯೪೦ನೆಯ ಇಸವಿಯ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಾಯವನ್ನು ಪಡೆದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಅದರ ಸುತ್ತಲೂ ಬೆಳೆದ ವಸತಿಗೆ ವಿಮಾನಪುರವೆಂಬುದೇ ಹೆಸರಾಯಿತು. ೧೯೫೭ರಲ್ಲಿ ಅಲ್ಲಿಯೇ ಆರ್ಫಿಯಸ್ ಎಂಬ ಜೆಟ್ ಯಂತ್ರವನ್ನು ತಯಾರಿಸುವುದಕ್ಕಾಗಿ ಪ್ರತ್ಯೇಕವಾದ ಯಂತ್ರವಿಭಾಗವು ಏರ್ಪಟ್ಟಿತು. ೧೯೫೯ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯು ಮರುವರ್ಷವೇ ಬೆಂಗಳೂರಿಗೆ ಬಂದು, ಜಯಮಹಲ್ ರಸ್ತೆಯಲ್ಲಿ ಮಹಾರಾಜರ ಅರಮನೆಗೆ ಸೇರಿದ್ದ ಕುದುರೆಲಾಯದಲ್ಲಿ ಮೊದಲು ಬೀಡುಬಿಟ್ಟು, ಬಳಿಕ ವಿಮಾನಪುರದ ನೆರೆಯ ಕೋಡಿಹಳ್ಳಿಯಲ್ಲಿ ನೆಲೆಯೂರಿತು. ಕುದುರೆಗಳಿದ್ದ ತಾಣದಲ್ಲಿ ವಿಮಾನಗಳ ಲೆಕ್ಕವು ಮೊದಲಾದುದು ಒಂದು ವಿನೋದವೇ ಸರಿ.

ವಿಮಾನವೆಂದೊಡನೆ ಜನರ ಮನಸ್ಸಿಗೆ ಬರುವುದು ಲೋಹ. ಹೊಳೆಯುವ ಅಲ್ಯೂಮಿನಿಯಂ ತಗಡು, ಉಕ್ಕು, ಮಿಶ್ರಲೋಹಗಳು. ಆದರೆ ಜೆಟ್ ಯಂತ್ರದ ಒಡಲಿನಲ್ಲಿ, ಎಲ್ಲಕ್ಕಿಂತಲೂ ಹೆಚ್ಚು ಶಾಖವಿರುವ ಎಡೆಯಲ್ಲಿ, ಲೋಹವನ್ನು ಕಾಯುವುದು ಬಿಳಿಯ ಮಣ್ಣಿನ ಜಾತಿಗೆ ಸೇರಿದ ಒಂದು ಲೇಪ. ಜಿರ್ಕೋನಿಯಾ ಎಂದು ಅದರ ಹೆಸರು. ಈ ಲೇಪಕ್ಕೆ ಬಳಸುವ ವಸ್ತುವೂ, ಆಮ್ಲಜನಕವನ್ನು ತನ್ನ ಮೈಯೊಳಗಿಂದ ಸಾಗಿಸಿ ವಿದ್ಯುತ್ತನ್ನು ಹುಟ್ಟಿಸುವ ಪಿಂಗಾಣಿಯೂ ಕುಲದಿಂದ ಒಂದೇ. ಆ ಪಿಂಗಾಣಿಯನ್ನು ಮಾಡುವ ಮತ್ತು ಪರೀಕ್ಷಿಸುವ ವಿದ್ಯೆಯಲ್ಲಿ ಬೆಂಗಳೂರಿನ ಭಾಗವು ಸಣ್ಣದಲ್ಲ. ಆ ಭಾಗವನ್ನು ಕುರಿತು ಬರೆದವರು ಬಹುತೇಕ ಒಂದೇ ಮಾತನ್ನು ಹೇಳಿ ಮುಂದೆ ಹೋಗುತ್ತಾರೆ: ಅದು ಆಕಸ್ಮಿಕವಾಗಿ ದೊರೆತದ್ದು ಎಂದು. ಈ ಮಾತು ಎಷ್ಟು ನಿಜ, ಎಷ್ಟು ಅಲ್ಲ ಎಂಬುದು ವಿಚಾರಕ್ಕೆ ಯೋಗ್ಯವಾದುದು.

ಪಿಂಗಾಣಿಗೂ ವಿದ್ಯುಚ್ಛಕ್ತಿಗೂ ಬೆಂಗಳೂರಿನಲ್ಲಿ ಹಳೆಯ ನಂಟುಂಟು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂತು. ತಂತಿಯು ಕಂಬವನ್ನು ಮುಟ್ಟದಂತೆ ನಡುವೆ ಇಡುವ ಬಿಳಿಯ ಗುಂಡುಗಳು ಪಿಂಗಾಣಿಯವು. ಅವುಗಳನ್ನು ಇಲ್ಲಿಯೇ ಮಾಡಬೇಕೆಂಬ ಉದ್ದೇಶದಿಂದ ಮೈಸೂರು ಸರಕಾರವು ಮಲ್ಲೇಶ್ವರದ ಕಡೆಯಲ್ಲಿ ಪಿಂಗಾಣಿ ಕಾರ್ಖಾನೆಯನ್ನು ನಡೆಸಿತು. ಕಾಲಾಂತರದಲ್ಲಿ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಕೈಸೇರಿತು. ಆ ಪಿಂಗಾಣಿಯ ಧರ್ಮವು ವಿದ್ಯುತ್ತನ್ನು ತಡೆಯುವುದು. ಇಲ್ಲಿ ಹೇಳಹೊರಟ ಪಿಂಗಾಣಿಯ ಧರ್ಮವು ಅದಕ್ಕೆ ವಿರುದ್ಧವಾದದ್ದು. ತಣ್ಣಗಿರುವಾಗ ಅದೂ ತಡೆಯುತ್ತದೆ; ಕೆಂಪಗೆ ಕಾದಾಗ ವಿದ್ಯುತ್ತಿಗೆ ದಾರಿ ಬಿಡುತ್ತದೆ.

ಈ ವಿಚಿತ್ರವನ್ನು ಮೊದಲು ಪ್ರಯೋಜನಕ್ಕೆ ತಂದವನು ಜರ್ಮನಿಯ ಗ್ಯೋಟಿಂಗೆನ್ ನಗರದಲ್ಲಿದ್ದ ವಾಲ್ಟರ್ ನೆರ್ನ್ಸ್ಟ್. ೧೮೯೭ರಲ್ಲಿ ಅವನು ಒಂದು ದೀಪಕ್ಕೆ ಹಕ್ಕುಪತ್ರವನ್ನು ಪಡೆದನು. ಅದರ ಬತ್ತಿಯು ಲೋಹದ ತಂತಿಯಾಗಿರದೆ, ನೂರಕ್ಕೆ ಎಂಬತ್ತೈದರಷ್ಟು ಜಿರ್ಕೋನಿಯಾ, ಹದಿನೈದರಷ್ಟು ಯಿಟ್ರಿಯಾ ಸೇರಿದ ಸಣ್ಣ ಕಡ್ಡಿಯಾಗಿತ್ತು. ಲೋಹದ ತಂತಿಯು ಗಾಳಿಯಲ್ಲಿ ಸುಟ್ಟುಹೋಗುತ್ತದೆಂದು ಗಾಜಿನ ಬುರುಡೆಯೊಳಗಿನ ಗಾಳಿಯನ್ನು ಹೀರಿ ತೆಗೆಯಬೇಕಷ್ಟೆ. ನೆರ್ನ್ಸ್ಟನ ಕಡ್ಡಿಗೆ ಆ ಕಷ್ಟವಿಲ್ಲ. ಅದು ಈಗಾಗಲೇ ಸುಟ್ಟು ಭಸ್ಮವಾದ ವಸ್ತು, ಮತ್ತೆ ಸುಡುವುದೇನು? ಆದರೆ ಬೇರೊಂದು ಕಷ್ಟವಿತ್ತು. ಕಡ್ಡಿಯು ಕಾಯುವ ತನಕ ವಿದ್ಯುತ್ತು ಹರಿಯದು, ವಿದ್ಯುತ್ತು ಹರಿಯುವ ತನಕ ಕಡ್ಡಿಯು ಕಾಯದು. ಆದ್ದರಿಂದ ಮೊದಮೊದಲು ಬೆಂಕಿಕಡ್ಡಿಯನ್ನು ಗೀರಿ ವಿದ್ಯುದ್ದೀಪವನ್ನು ಹೊತ್ತಿಸಬೇಕಾಗಿತ್ತು! ಹೀಗಿದ್ದರೂ ದೀಪವು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಕೆಲಕಾಲ ಮಾರಾಟವಾಯಿತು. ಟಂಗ್‌ಸ್ಟನ್ ತಂತಿ ಬಂದ ಮೇಲೆ ಮೂಲೆಗೆ ಸೇರಿತು. ದೀಪ ನಂದಿದರೂ ಅದರಿಂದ ಹುಟ್ಟಿದ ಪ್ರಶ್ನೆ ನಂದಲಿಲ್ಲ: ಆ ಕಡ್ಡಿಯೊಳಗೆ ಹರಿಯುವುದಾದರೂ ಏನು? ಲೋಹದಲ್ಲಿ ಹರಿಯುವುದು ಎಲೆಕ್ಟ್ರಾನು. ಇಲ್ಲಿ ಹರಿಯುವುದು ವಿದ್ಯುದಂಶವನ್ನು ಹೊತ್ತ ಆಮ್ಲಜನಕದ ಪರಮಾಣು. ವಿಜ್ಞಾನಿಗಳು ಆಕ್ಸೈಡ್ ಅಯಾನು ಎನ್ನುವುದು ಇದನ್ನೇ. ಉಪ್ಪು ನೀರಿನಲ್ಲಿ ಕರಗಿದಾಗ ಅಯಾನುಗಳು ಓಡಾಡುತ್ತವೆಂದರೆ ಯಾರೂ ಬೆರಗಾಗರು. ಕಲ್ಲಿನಂತಹ ಗಟ್ಟಿಯೊಳಗೆ ಪರಮಾಣು ನಡೆದು ದಾಟುತ್ತದೆಂದರೆ ನಂಬುವುದು ಹೇಗೆ?

ಇದಕ್ಕೆ ಉತ್ತರವು ಜಿರ್ಕೋನಿಯಾದ ಸ್ವಭಾವದಲ್ಲಿದೆ. ಸಿಂಹಳದಿಂದ ಬಂದ ಜಿರ್ಕಾನ್ ಎಂಬ ರತ್ನವನ್ನು ೧೭೮೯ರಲ್ಲಿ ಬರ್ಲಿನಿನ ಕ್ಲಾಪ್ರೋಟನು ಶೋಧಿಸಿ, ಅದರಲ್ಲಿ ಹೊಸದೊಂದು ಭಸ್ಮವಿದೆಯೆಂದು ತೋರಿಸಿದನು. (ನಮ್ಮಲ್ಲಿ ಕೆಲವರು ಈ ಜಿರ್ಕಾನನ್ನೇ ನವರತ್ನದ ಗೋಮೇದಕವೆಂದು ಮಾರುವರು. ರತ್ನಪರೀಕ್ಷಕರು ಗೋಮೇದಕವೆಂಬುದನ್ನು ಗಾರ್ನೆಟ್ ಜಾತಿಯ ಹೆಸೊನೈಟ್ ಕಲ್ಲಿಗೆ ಸಲ್ಲಿಸುತ್ತಾರೆ. ಕೊಳ್ಳುವವರು ಎಚ್ಚರವಾಗಿರುವುದು ಲೇಸು.) ಈಗ ಜಿರ್ಕಾನ್ ಮರಳಿಗಾಗಿ ಸಿಂಹಳಕ್ಕೆ ಹೋಗಬೇಕಾಗಿಲ್ಲ, ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿ ಮೊದಲಾದ ಕಡಲತೀರಗಳಲ್ಲಿ ಅದು ಧಾರಾಳವಾಗಿದೆ.

ಶುದ್ಧವಾದ ಜಿರ್ಕೋನಿಯಾವು ೨೭೦೦ ಡಿಗ್ರಿಯ ಸುಮಾರಿಗೆ ಕರಗತಕ್ಕ ಗಟ್ಟಿ ವಸ್ತುವಾದರೂ ಒಂದು ದುರ್ಗುಣವನ್ನುಳ್ಳದ್ದು. ಕಾಯಿಸಿದಾಗ ಸುಮಾರು ೧೧೭೦ ಡಿಗ್ರಿಯಲ್ಲಿ ಒಮ್ಮೆ, ೨೩೭೦ ಡಿಗ್ರಿಯಲ್ಲಿ ಇನ್ನೊಮ್ಮೆ ಅದರ ಹರಳಿನ ಕಟ್ಟು ಬದಲಾಗುತ್ತದೆ. ಮತ್ತೆ ಆರುವಾಗ ಹಿಂದಿನ ಕಟ್ಟಿಗೆ ಮರಳುತ್ತಾ ನೂರಕ್ಕೆ ನಾಲ್ಕೈದರಷ್ಟು ಹಿಗ್ಗಿ, ಮಾಡಿದ ಪಾತ್ರೆಯನ್ನೇ ಚೂರುಚೂರು ಮಾಡುತ್ತದೆ. ಯಿಟ್ರಿಯಾ, ಸುಣ್ಣ ಮುಂತಾದವನ್ನು ಬೆರೆಸಿ ಬೇಯಿಸಿದರೆ ಈ ಚಾಂಚಲ್ಯವು ಅಡಗಿ, ಹೆಚ್ಚಿನ ಶಾಖದ ಕಟ್ಟೇ ತಣ್ಣಗಾದಮೇಲೂ ನಿಲ್ಲುತ್ತದೆ. ಸ್ಥಿರೀಕೃತ ಜಿರ್ಕೋನಿಯಾವೆಂಬ ಹೆಸರು ಬಂದದ್ದು ಇದರಿಂದ. ಆದರೆ ಯಿಟ್ರಿಯಾವು ಸ್ಥೈರ್ಯವನ್ನು ಮಾತ್ರ ಕೊಡುವುದಿಲ್ಲ. ಜಿರ್ಕೋನಿಯಂ ಪರಮಾಣು ಒಂದಕ್ಕೆ ಆಮ್ಲಜನಕ ಎರಡು. ಯಿಟ್ರಿಯಂ ಎರಡಕ್ಕೆ ಆಮ್ಲಜನಕ ಮೂರೇ. ನಾಲ್ಕು ಆಮ್ಲಜನಕಗಳು ಕೂಡಬೇಕಾದ ಮಣೆಯಲ್ಲಿ ಮೂರು ಮಾತ್ರ ಕುಳಿತರೆ ಒಂದು ಮಣೆ ಬರಿದಾಗುತ್ತದೆ. ಪಕ್ಕದ ಪರಮಾಣು ಶಾಖದ ಬಲದಿಂದ ಆ ಬರಿದಾದ ಮಣೆಗೆ ಹಾರುತ್ತದೆ. ಅದು ಬಿಟ್ಟ ಮಣೆಗೆ ಮತ್ತೊಂದು ಹಾರುತ್ತದೆ. ಹೀಗೆ ಪಂಕ್ತಿಯುದ್ದಕ್ಕೂ ಆಮ್ಲಜನಕವು ಸಾಗುತ್ತದೆ. ನೂರಕ್ಕೆ ಎಂಟು ಅಣುಗಳಷ್ಟು ಯಿಟ್ರಿಯಾ ಬೆರೆತ ಜಿರ್ಕೋನಿಯಾದಲ್ಲಿ ಲೆಕ್ಕಹಾಕಿದರೆ ೨೧೬ ಮಣೆಗಳಲ್ಲಿ ಎಂಟು ಬರಿದು, ಎಂದರೆ ಇಪ್ಪತ್ತೇಳಕ್ಕೆ ಒಂದು. ಬರಿದು ಹೆಚ್ಚಿದಷ್ಟೂ ಹರಿವು ಹೆಚ್ಚುವುದೆಂದು ಊಹಿಸುವುದು ಸಹಜ. ಹಾಗಾಗದು. ಇದಕ್ಕಿಂತ ಹೆಚ್ಚು ಬೆರೆಸಿದರೆ ಬರಿದಾದ ಮಣೆಗಳೂ ಯಿಟ್ರಿಯಂ ಪರಮಾಣುಗಳೂ ಒಂದನ್ನೊಂದು ಹಿಡಿದುಕೊಂಡು ದಾರಿ ಕಟ್ಟಿಹೋಗಿ ವಾಹಕತೆಯು ಇಳಿಯುತ್ತದೆ.

ವೈಶೇಷಿಕರ ಪರಂಪರೆಯಲ್ಲಿ ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದರು. ಇಲ್ಲದ ವಸ್ತುವನ್ನು ಪದಾರ್ಥವೆನ್ನುವುದೆಂತೆಂದು ನಗುವವರು ಇಂದಿಗೂ ಉಂಟು. ಈ ಪಿಂಗಾಣಿಯೊಳಗಿನ ಸಮಸ್ತ ವ್ಯಾಪಾರವೂ ಇಲ್ಲದಿರುವ ಪರಮಾಣುವಿನಿಂದಲೇ ನಡೆಯುವುದನ್ನು ಕಂಡರೆ ಆ ನಗೆಯು ಸ್ವಲ್ಪ ಕಡಮೆಯಾಗಬಹುದು. ಹಾಗೆಂದು ನಮ್ಮ ಪೂರ್ವಿಕರಿಗೆ ಇದೆಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವುದು ಉಚಿತವಲ್ಲ. ಅವರ ಪ್ರಶ್ನೆಯೇ ಬೇರೆ.

ಬರಿದಾದ ಮಣೆಗಳ ಮೂಲಕ ಆಮ್ಲಜನಕವು ಚಲಿಸುತ್ತದೆಂದು ೧೯೪೩ರಲ್ಲಿ ಸ್ಪಷ್ಟವಾಗಿ ಹೇಳಿದವನು ಕಾರ್ಲ್ ವಾಗ್ನರ್. ಅದಕ್ಕೆ ಆರು ವರ್ಷ ಮೊದಲೇ, ೧೯೩೭ರಲ್ಲಿ, ಬವರ್ ಮತ್ತು ಪ್ರೈಸ್ ಎಂಬಿಬ್ಬರು ಜಿರ್ಕೋನಿಯಾವನ್ನು ನಡುವೆ ಇಟ್ಟು ಒಂದು ಕಡೆ ಇಂಧನವನ್ನೂ ಇನ್ನೊಂದು ಕಡೆ ಗಾಳಿಯನ್ನೂ ಹಾಯಿಸಿ, ಸಾವಿರ ಡಿಗ್ರಿಯ ಶಾಖದಲ್ಲಿ ವಿದ್ಯುತ್ತನ್ನು ಪಡೆಯಲು ಯತ್ನಿಸಿದ್ದರು. ಉರಿಯಿಲ್ಲದೆ, ಚಕ್ರವಿಲ್ಲದೆ, ಇಂಧನದಿಂದ ನೇರವಾಗಿ ವಿದ್ಯುತ್ತು! ಇಂಧನಕೋಶವೆಂದು ಕರೆಯಲ್ಪಡುವ ಈ ಯಂತ್ರವು ಅವರ ಕೈಯಲ್ಲಿ ಸರಿಯಾಗಿ ನಡೆಯಲಿಲ್ಲ. ಪಿಂಗಾಣಿಯ ತಡೆಯು ಮಿತಿಮೀರಿತ್ತು. ಆದರೆ ದಾರಿ ತೋರಿತು.

ಇನ್ನು ಪರೀಕ್ಷೆಯ ಮಾತು. ಈ ವಸ್ತುವಿನ ಗುಣವನ್ನು ಅರಿಯಲು ನೆರ್ನ್ಸ್ಟನದೇ ಆದ ಒಂದು ಸೂತ್ರವುಂಟು. ಪಿಂಗಾಣಿಯ ಒಂದು ಪಕ್ಕದಲ್ಲಿ ಶುದ್ಧ ಆಮ್ಲಜನಕವನ್ನೂ ಇನ್ನೊಂದು ಪಕ್ಕದಲ್ಲಿ ಗಾಳಿಯನ್ನೂ ಇಟ್ಟು, ಎರಡು ಮೈಗಳಿಗೂ ಪ್ಲಾಟಿನಂ ಬಳಿದು, ೭೨೭ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ, ಅವುಗಳ ನಡುವೆ ಸುಮಾರು ಮೂವತ್ತಮೂರುವರೆ ಮಿಲಿವೋಲ್ಟ್ ಒತ್ತಡವು ಕಾಣಬೇಕು. ಗಾಳಿಯಲ್ಲಿ ಆಮ್ಲಜನಕವು ಐದನೆಯ ಒಂದು ಪಾಲಷ್ಟೇ ಇರುವುದರಿಂದ ಹುಟ್ಟುವ ಒತ್ತಡವಿದು. ಅಳತೆಯು ಲೆಕ್ಕಕ್ಕೆ ಸರಿಹೊಂದಿದರೆ ಪಿಂಗಾಣಿಯು ಸಾಚಾ. ಕಡಮೆಯಾದರೆ ಒಂದೋ ಅದರಲ್ಲಿ ಸಣ್ಣ ರಂಧ್ರಗಳಿದ್ದು ಅನಿಲವೇ ನುಸುಳುತ್ತಿದೆ, ಇಲ್ಲವೇ ಆಮ್ಲಜನಕದ ಜೊತೆಗೆ ಎಲೆಕ್ಟ್ರಾನುಗಳೂ ಕಳ್ಳದಾರಿಯಲ್ಲಿ ದಾಟುತ್ತಿವೆ. ಅಕ್ಕಸಾಲಿಗನ ಒರೆಗಲ್ಲಿನಂತೆ ಇದು ಸುಳ್ಳನ್ನು ಒಪ್ಪದು.

ಈ ಸೂತ್ರವನ್ನೇ ತಿರುಗಿಸಿ ಪ್ರಯೋಗಿಸಿದವರು ೧೯೫೭ರಲ್ಲಿ ಕಿಯುಕ್ಕೋಲ ಮತ್ತು ವಾಗ್ನರ್. ಒಂದು ಪಕ್ಕದ ಆಮ್ಲಜನಕದ ಪ್ರಮಾಣವು ತಿಳಿದಿದ್ದರೆ, ಕಂಡ ಒತ್ತಡದಿಂದ ಇನ್ನೊಂದು ಪಕ್ಕದ ಪ್ರಮಾಣವನ್ನು ಕಂಡುಹಿಡಿಯಬಹುದಷ್ಟೆ. ಆ ಪಕ್ಕದಲ್ಲಿ ಯಾವುದಾದರೊಂದು ಲೋಹವನ್ನೂ ಅದರ ಭಸ್ಮವನ್ನೂ ಬೆರೆಸಿಟ್ಟರೆ, ಆ ಲೋಹಕ್ಕೆ ಆಮ್ಲಜನಕದ ಮೇಲೆ ಎಷ್ಟು ಆಸೆಯಿದೆಯೆಂಬುದೇ ಅಳತೆಗೆ ಸಿಕ್ಕುತ್ತದೆ. ಅದುವರೆಗೆ ಕಷ್ಟಪಟ್ಟು ಪಡೆಯುತ್ತಿದ್ದ ಅಂಕಿಗಳು ಒಂದು ವೋಲ್ಟ್‌ಮಾಪಕದ ಮುಳ್ಳಿನಲ್ಲಿ ದೊರಕತೊಡಗಿದುವು.

ಈ ವಿದ್ಯೆಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಪ್ರೊಫೆಸರ್ ಕೆ. ಟಿ. ಜೇಕಬ್ ಅವರು. ಸಂಸ್ಥೆಯನ್ನು ಊರವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದುಂಟು. ಜೇಕಬ್ ಅವರು ಮೊದಲು ಲಂಡನ್ನಿನಲ್ಲಿಯೂ ಟೊರಾಂಟೋವಿನಲ್ಲಿಯೂ ಆಲ್ಕಾಕ್ ಎಂಬ ಪಂಡಿತರೊಡನೆ ಇದೇ ಕೆಲಸವನ್ನು ನಡೆಸಿದವರು. ಮೇಲೆ ಹೇಳಿದ ಕಳ್ಳದಾರಿಯ ದೋಷವು ಅವರನ್ನು ಕಾಡಿತು. ಎಂತಹ ಉತ್ತಮ ಪಿಂಗಾಣಿಯಲ್ಲಿಯೂ ಎಲೆಕ್ಟ್ರಾನುಗಳು ಲೇಶಮಾತ್ರ ನುಸುಳುತ್ತವೆ. ಆಗ ಆಮ್ಲಜನಕವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ಜಿನುಗಿ, ಪರೀಕ್ಷೆಗೆ ಇಟ್ಟ ವಸ್ತುವನ್ನೇ ಕೆಡಿಸುತ್ತದೆ. ವಸ್ತುವನ್ನು ಅಳೆಯುವ ಉಪಕರಣವೇ ವಸ್ತುವನ್ನು ಬದಲಿಸಿದರೆ ಅಳತೆಗೆ ಬೆಲೆಯೇನು? ಇದಕ್ಕೆ ಅವರು ಮಾಡಿದ ಉಪಾಯವು ಬಲು ಸರಳವಾದದ್ದು. ಆಧಾರದ ಆಮ್ಲಜನಕಕ್ಕೂ ಪರೀಕ್ಷ್ಯ ವಸ್ತುವಿಗೂ ನಡುವೆ ಮೂರನೆಯದಾದ ಒಂದು ಕೋಣೆಯನ್ನು ಕಲ್ಪಿಸಿ, ಅದರಲ್ಲಿ ಪರೀಕ್ಷ್ಯ ವಸ್ತುವಿನಂತಹುದನ್ನೇ ತುಂಬಿದರು. ಜಿನುಗಿ ಬಂದ ಆಮ್ಲಜನಕವನ್ನು ಆ ನಡುಕೋಣೆಯು ತಾನು ನುಂಗಿಕೊಳ್ಳುತ್ತದೆ. ಒಳಕೋಣೆಯ ವಸ್ತು ನಿರ್ಮಲವಾಗಿ ಉಳಿಯುತ್ತದೆ. ತೊಟ್ಟಿಯ ಮನೆಗಳಲ್ಲಿ ಬೀದಿಗೂ ನಡುಮನೆಗೂ ಮಧ್ಯೆ ಜಗಲಿಯೊಂದು ಇರುವಂತೆ ಇದು. ಹೊರಗಿನ ಧೂಳೆಲ್ಲವೂ ಜಗಲಿಯಲ್ಲಿ ನಿಲ್ಲುತ್ತದೆ.

ಪರೀಕ್ಷೆಯ ವಿದ್ಯೆ ಹೀಗೆ ಬೆಳೆದರೂ, ಪರೀಕ್ಷೆಗೆ ಇಡತಕ್ಕ ವಸ್ತುವನ್ನು ಮಾಡುವುದು ಬಹುಕಾಲ ಹಳೆಯ ಕುಂಬಾರಿಕೆಯ ಕ್ರಮದಲ್ಲಿಯೇ ಇತ್ತು. ಜಿರ್ಕೋನಿಯಾದ ಪುಡಿಯನ್ನೂ ಯಿಟ್ರಿಯಾದ ಪುಡಿಯನ್ನೂ ತೂಗಿ ಬೆರೆಸುವುದು, ಅರೆಯುವುದು, ಕುಲುಮೆಯಲ್ಲಿಟ್ಟು ಗಂಟೆಗಟ್ಟಲೆ ಬೇಯಿಸುವುದು, ತೆಗೆದು ಮತ್ತೆ ಅರೆಯುವುದು, ಮತ್ತೆ ಬೇಯಿಸುವುದು. ಎಷ್ಟು ಅರೆದರೂ ಒಂದು ಕಣವು ಇನ್ನೊಂದು ಕಣದ ಪಕ್ಕದಲ್ಲಿ ಕುಳಿತಿರುತ್ತದೆಯೇ ಹೊರತು ಪರಮಾಣುವು ಪರಮಾಣುವಿನ ಪಕ್ಕದಲ್ಲಿ ಕುಳಿತಿರುವುದಿಲ್ಲ. ಅವು ಸೇರಬೇಕಾದರೆ ೧೫೦೦ ಡಿಗ್ರಿಯ ಬೆಂಕಿಯೂ ದಿನಗಳ ಕಾಲವೂ ಬೇಕು. ಅಂತಹ ಕುಲುಮೆಗಳು ನಮ್ಮ ದೇಶದ ಕಾಲೇಜುಗಳಲ್ಲಿ ಎಷ್ಟಿದ್ದುವು? ಈ ಕಾರಣದಿಂದಲೇ ಎಷ್ಟೋ ಕಡೆ ಇಂತಹ ಸಂಶೋಧನೆಯು ಆಸೆಯಾಗಿಯೇ ಉಳಿಯಿತು.

ಈ ಕಷ್ಟವನ್ನು ನೀಗಿದವರು ವಿಜ್ಞಾನ ಸಂಸ್ಥೆಯ ರಸಾಯನ ವಿಭಾಗದಲ್ಲಿದ್ದ ಪ್ರೊಫೆಸರ್ ಕಾಶಿನಾಥ ಪಾಟೀಲರೂ ಅವರ ಶಿಷ್ಯ ಜೆ. ಜೆ. ಕಿಂಗ್ಸ್‌ಲಿಯವರೂ. ೧೯೮೮ರಲ್ಲಿ ಅವರು ಪ್ರಕಟಿಸಿದ ಕ್ರಮವು ಹೀಗಿದೆ. ಅಲ್ಯೂಮಿನಿಯಂ ನೈಟ್ರೇಟನ್ನೂ ಯೂರಿಯಾವನ್ನೂ (ರೈತರು ಹೊಲಕ್ಕೆ ಎರಚುವ ಅದೇ ಯೂರಿಯಾ) ಸ್ವಲ್ಪ ನೀರಿನಲ್ಲಿ ಕರಗಿಸಿ ಗಾಜಿನ ಬೋಗುಣಿಯಲ್ಲಿ ಹಾಕಿ, ಮೊದಲೇ ೫೦೦ ಡಿಗ್ರಿಗೆ ಕಾದಿರುವ ಕುಲುಮೆಯೊಳಗೆ ಇಡುವುದು. ದ್ರವವು ಕುದಿಯುತ್ತದೆ, ಪಾಯಸದಂತೆ ಗಟ್ಟಿಯಾಗುತ್ತದೆ, ನೊರೆಯೇಳುತ್ತದೆ. ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವ ಜ್ವಾಲೆಯು ಹತ್ತಿ, ಕೆಲವು ಕ್ಷಣ ಉರಿದು ಆರುತ್ತದೆ. ಬೋಗುಣಿಯ ತುಂಬ ಬುರುಗಿನಂತಹ ಬಿಳಿಯ ವಸ್ತು. ಐದು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಕ್ಷಕಿರಣದಿಂದ ಪರೀಕ್ಷಿಸಿದರೆ ಅದು ಆಲ್ಫಾ ಅಲ್ಯೂಮಿನಾ, ಎಂದರೆ ಕುರುಂದದ ಕಲ್ಲು. ಸಾಮಾನ್ಯವಾಗಿ ೧೧೦೦ ಡಿಗ್ರಿಗಿಂತ ಮೇಲೆ ಬಹಳ ಹೊತ್ತು ಬೇಯಿಸಿದಲ್ಲದೆ ದೊರೆಯದ ರೂಪವಿದು. ಕುಲುಮೆಯು ಕೊಟ್ಟದ್ದು ಕೇವಲ ಕಿಡಿ. ಬೇಕಾದ ಉಳಿದ ಶಾಖವೆಲ್ಲವನ್ನೂ ಬೋಗುಣಿಯೊಳಗಿನ ವಸ್ತುವೇ ತನ್ನಲ್ಲಿ ಹುಟ್ಟಿಸಿಕೊಂಡಿತು. ಇದಕ್ಕೆ ದ್ರಾವಣದಹನ ವಿಧಾನವೆಂದು ಹೆಸರಾಯಿತು.

ಆ ಜ್ವಾಲೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ, ಆದ್ದರಿಂದ ಇದು ಆಕಸ್ಮಿಕವೆಂದು ಪಾಟೀಲರ ಬಳಗವೇ ಬರೆದಿದೆ. ದೊಡ್ಡವರು ತಮ್ಮ ಕೆಲಸವನ್ನು ಕಿರಿದಾಗಿ ಹೇಳಿಕೊಳ್ಳುವುದು ವಿನಯ. ಇತಿಹಾಸವನ್ನು ಬರೆಯುವವರು ಆ ವಿನಯವನ್ನೇ ಪ್ರಮಾಣವೆಂದು ಹಿಡಿಯಬಾರದು. ಕಾಕತಾಳೀಯ ನ್ಯಾಯವೆಂಬುದುಂಟಷ್ಟೆ: ಕಾಗೆಯು ಬಂದು ಕುಳಿತ ಗಳಿಗೆಯಲ್ಲಿಯೇ ತಾಳೆಯ ಹಣ್ಣು ಬಿತ್ತು. ಕಾಗೆಗೂ ಹಣ್ಣಿಗೂ ಸಂಬಂಧವಿಲ್ಲವೆಂಬುದು ಆ ನ್ಯಾಯದ ಸಾರ. ಇಲ್ಲಿಯಾದರೋ ಕಾಗೆಯು ಆ ಮರದಲ್ಲಿ ವರ್ಷಗಟ್ಟಲೆ ಗೂಡು ಕಟ್ಟಿಕೊಂಡು ಕುಳಿತಿತ್ತು.

ಹೇಗೆಂದರೆ, ಪಾಟೀಲರು ಹೈಡ್ರಜೀನ್ ಎಂಬ ವಸ್ತುವಿನ ಲವಣಗಳಲ್ಲಿ ಬಹುಕಾಲ ಕೆಲಸಮಾಡಿದವರು. ಹೈಡ್ರಜೀನ್ ಎಂಬುದು ರಾಕೆಟ್ಟುಗಳ ಇಂಧನ. ತನ್ನೊಳಗೇ ಇಂಧನವನ್ನು ಇಟ್ಟುಕೊಂಡ ಲೋಹಲವಣವು ಸ್ವಲ್ಪ ಶಾಖದಲ್ಲಿಯೇ ಉರಿದು ನುಣ್ಣನೆಯ ಭಸ್ಮವನ್ನು ಉಳಿಸುವುದೆಂಬ ಸಂಗತಿಯು ಅವರಿಗೆ ಕೈತಲಾಮಲಕವಾಗಿತ್ತು. ಮತ್ತೊಂದು ಸಂಗತಿಯೂ ಉಂಟು. ರಾಕೆಟ್ಟಿನ ಮದ್ದಿನಲ್ಲಿ ಉರಿಯುವ ವಸ್ತುವೂ ಉರಿಸುವ ವಸ್ತುವೂ ಯಾವ ಪ್ರಮಾಣದಲ್ಲಿರಬೇಕೆಂದು ಬೇಗನೆ ಲೆಕ್ಕಹಾಕಲು ೧೯೮೧ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ಜೈನ್, ಅಡಿಗ, ಪೈ ವೆರ್ಣೇಕರ್ ಎಂಬ ಮೂವರು ಒಂದು ಸುಲಭವಾದ ಗಣಿತವನ್ನು ಪ್ರಕಟಿಸಿದ್ದರು. ಅದು ಎಷ್ಟು ಸುಲಭವೆಂದರೆ ಪ್ರೌಢಶಾಲೆಯ ಹುಡುಗರೂ ಮಾಡಬಹುದು. ಇಂಗಾಲಕ್ಕೆ ನಾಲ್ಕು, ಜಲಜನಕಕ್ಕೆ ಒಂದು, ಲೋಹಕ್ಕೆ ಅದರ ಸಂಯೋಗಶಕ್ತಿಯಷ್ಟು ಎಂದು ಕೂಡಬೇಕು, ಆಮ್ಲಜನಕ ಒಂದಕ್ಕೆ ಎರಡರಂತೆ ಕಳೆಯಬೇಕು, ಸಾರಜನಕಕ್ಕೆ ಸೊನ್ನೆ. ಅಲ್ಯೂಮಿನಿಯಂ ನೈಟ್ರೇಟಿನಲ್ಲಿ ಅಲ್ಯೂಮಿನಿಯಂ ಒಂದು, ಆಮ್ಲಜನಕ ಒಂಬತ್ತು: ಮೂರರಿಂದ ಹದಿನೆಂಟನ್ನು ಕಳೆದರೆ ಹದಿನೈದು ಸಾಲ. ಅದರೊಡನಿರುವ ನೀರು ಲೆಕ್ಕಕ್ಕೆ ಸೊನ್ನೆಯೇ. ಯೂರಿಯಾದಲ್ಲಿ ಇಂಗಾಲ ಒಂದು, ಜಲಜನಕ ನಾಲ್ಕು, ಆಮ್ಲಜನಕ ಒಂದು: ನಾಲ್ಕೂ ನಾಲ್ಕೂ ಎಂಟು, ಎರಡನ್ನು ಕಳೆದರೆ ಆರು ಜಮೆ. ಹದಿನೈದರ ಸಾಲವನ್ನು ತೀರಿಸಲು ಆರರ ಜಮೆಗಳು ಎರಡೂವರೆ ಬೇಕು. ತೂಕದಲ್ಲಿ ಹೇಳುವುದಾದರೆ ೨೦ ಗ್ರಾಂ ನೈಟ್ರೇಟಿಗೆ ೮ ಗ್ರಾಂ ಯೂರಿಯಾ. ಈ ಗಣಿತವಿಲ್ಲದಿದ್ದರೆ ಒಮ್ಮೆ ಕಂಡ ಜ್ವಾಲೆಯು ಒಂದು ಕೌತುಕವಾಗಿ ಕೊನೆಗೊಳ್ಳುತ್ತಿತ್ತು; ಈ ಗಣಿತವಿದ್ದುದರಿಂದ ಅದು ಯಾವ ಲೋಹಕ್ಕಾದರೂ ಅನ್ವಯಿಸಬಲ್ಲ ವಿಧಾನವಾಯಿತು. ಕಿಡಿಯು ಆಕಸ್ಮಿಕವೆಂದು ಒಪ್ಪೋಣ. ವಿಧಾನವು ಆಕಸ್ಮಿಕವಲ್ಲ. ರಾಕೆಟ್ಟಿನ ಲೆಕ್ಕವನ್ನು ಕುಂಬಾರನ ಬೋಗುಣಿಗೆ ತಂದದ್ದೇ ಅದರ ಸಾರ.

ಜಿರ್ಕೋನಿಯಾದ ಸರದಿಯು ಬೇಗನೆ ಬಂತು. ಇಲ್ಲಿ ಯೂರಿಯಾಕ್ಕೆ ಬದಲಾಗಿ ಹೈಡ್ರಜೀನಿನ ಕುಲಕ್ಕೆ ಸೇರಿದ ಕಾರ್ಬೊಹೈಡ್ರಜೈಡ್ ಎಂಬ ಇಂಧನವು ಬಂದು, ೩೫೦ ಡಿಗ್ರಿಯ ಕುಲುಮೆಯಲ್ಲಿಯೇ ಕೆಲಸವಾಯಿತು. ಅದೇ ಗಣಿತದಿಂದ ಜಿರ್ಕೋನಿಲ್ ನೈಟ್ರೇಟಿನ ಸಾಲ ಹತ್ತು, ಈ ಇಂಧನದ ಜಮೆ ಎಂಟು, ಒಂದಕ್ಕೆ ಒಂದೂಕಾಲು. ದ್ರಾವಣದಲ್ಲಿ ಯಿಟ್ರಿಯಂ ನೈಟ್ರೇಟನ್ನೂ ಬೆರೆಸಿದರೆ, ನೀರಿನಲ್ಲಿ ಕರಗಿದಾಗಲೇ ಪರಮಾಣುವು ಪರಮಾಣುವಿನ ಪಕ್ಕದಲ್ಲಿ ಕುಳಿತಿರುವುದರಿಂದ ಅರೆಯುವ ದುಡಿಮೆಯೇ ಇಲ್ಲ. ಪಾಟೀಲರ ಶಿಷ್ಯೆ ಎಸ್. ಟಿ. ಅರುಣಾ, ಮುತ್ತುರಾಮನ್ ಇವರು ತಮ್ಮ ಗುರುಗಳೊಡನೆ ಇಂಧನಕೋಶದ ಬೇರೆ ಅಂಗಗಳನ್ನೂ ಇದೇ ಬೋಗುಣಿಯಲ್ಲಿ ಮಾಡಿದರು. ಗಾಳಿಯ ಕಡೆಗೆ ಬೇಕಾದ ಸ್ಟ್ರಾನ್ಷಿಯಂ ಬೆರೆತ ಲ್ಯಾಂಥನಂ ಮ್ಯಾಂಗನೈಟನ್ನು ೧೯೯೭ರಲ್ಲಿಯೂ, ಇಂಧನದ ಕಡೆಗೆ ಬೇಕಾದ ನಿಕ್ಕಲ್ ಮತ್ತು ಜಿರ್ಕೋನಿಯಾದ ಮಿಶ್ರವನ್ನು ೧೯೯೮ರಲ್ಲಿಯೂ ಪ್ರಕಟಿಸಿದರು. ಪ್ರೊಫೆಸರ್ ಎಂ. ಎಸ್. ಹೆಗ್ಡೆಯವರು ಇದೇ ವಿಧಾನದಿಂದ ಸೀರಿಯಾವನ್ನು, ಎಂದರೆ ಆಮ್ಲಜನಕವನ್ನು ಕೊಟ್ಟು ತೆಗೆದುಕೊಳ್ಳುವುದರಲ್ಲಿ ಉದಾರಿಯಾದ ಇನ್ನೊಂದು ಭಸ್ಮವನ್ನು, ಹೊಗೆಯನ್ನು ಶುದ್ಧಿಮಾಡುವ ಕೆಲಸಕ್ಕೆ ಹಚ್ಚಿದರು. ಬಳಿಕ ಈ ವಿಧಾನವು ಸಮುದ್ರವನ್ನು ದಾಟಿತು. ಇಂದು ಇದನ್ನು ಬಳಸದ ದೇಶವು ವಿರಳ.

ಆದರೂ ಗುಣವನ್ನು ಹೇಳಿ ದೋಷವನ್ನು ಮುಚ್ಚುವುದು ಸಲ್ಲದು. ಬೋಗುಣಿಯಿಂದ ಬರುವ ಬುರುಗು ನೋಡಲು ಚೆಲುವು, ಒತ್ತಲು ಕಷ್ಟ. ಜ್ವಾಲೆಯ ಶಾಖದಲ್ಲಿ ಸಣ್ಣ ಕಣಗಳು ಅಲ್ಲಲ್ಲಿ ಅಂಟಿಕೊಂಡು ಮುದ್ದೆಗಟ್ಟಿರುತ್ತವೆ. ಅದನ್ನು ಬಿಲ್ಲೆಯಾಗಿ ಒತ್ತಿ ಬೇಯಿಸಿದಾಗ ಮುದ್ದೆಗಳ ನಡುವೆ ಸಂದುಗಳು ಉಳಿದರೆ, ನೆರ್ನ್ಸ್ಟನ ಪರೀಕ್ಷೆಯಲ್ಲಿ ಮಿಲಿವೋಲ್ಟುಗಳು ಕೂಡಲೇ ಇಳಿದು ಬಣ್ಣ ಬಯಲಾಗುತ್ತದೆ. ಇನ್ನೊಂದು ಪರೀಕ್ಷೆಯೂ ಉಂಟು. ಬಿಲ್ಲೆಯ ಮೂಲಕ ಕ್ಷಣಕ್ಕೆ ಕೆಲವೇ ಸಲ ತಿರುಗುವ ವಿದ್ಯುತ್ತಿನಿಂದ ಹಿಡಿದು ಲಕ್ಷಾಂತರ ಸಲ ತಿರುಗುವ ವಿದ್ಯುತ್ತಿನ ತನಕ ಹಾಯಿಸಿ ತಡೆಯನ್ನು ಅಳೆದು ನಕ್ಷೆ ಬರೆದರೆ, ಅರ್ಧಚಂದ್ರಾಕೃತಿಗಳು ಒಂದರ ಪಕ್ಕದಲ್ಲೊಂದು ಕಾಣುತ್ತವೆ. ಒಂದು ಚಂದ್ರವು ಹರಳಿನ ಒಳಗಿನ ತಡೆ. ಎರಡನೆಯದು ಹರಳು ಹರಳಿನ ನಡುವಣ ಗಡಿಯ ತಡೆ. ಮೂರನೆಯದು ಪ್ಲಾಟಿನಂ ಲೇಪದ ಬಳಿಯ ತಡೆ. ಜಿರ್ಕೋನಿಯಾಕ್ಕೆ ಈ ಪರೀಕ್ಷೆಯನ್ನು ೧೯೬೯ರಲ್ಲಿ ಅನ್ವಯಿಸಿದವನು ಬವರ್ಲೆ. ರೋಗವು ಎಲ್ಲಿದೆಯೆಂದು ನಾಡಿಯಿಂದ ತಿಳಿಯುವ ವೈದ್ಯನಂತೆ, ದೋಷವು ವಸ್ತುವಿನದೋ ತಯಾರಿಯದೋ ಎಂಬುದನ್ನು ಇದು ವಿಂಗಡಿಸುತ್ತದೆ. ಬೋಗುಣಿಯ ಪುಡಿಯಲ್ಲಿ ಬಹುಮಟ್ಟಿಗೆ ಹರಳು ನಿರ್ದೋಷಿ, ಗಡಿಯೂ ಸಂದೂ ದೋಷಿ. ಆದುದರಿಂದ ಐದು ನಿಮಿಷದಲ್ಲಿ ಹುಟ್ಟಿದ ಪುಡಿಯನ್ನು ಅರೆದು, ಒತ್ತಿ, ಬೇಯಿಸಿ ಬಿಗಿಯಾದ ಪಿಂಗಾಣಿಯಾಗಿಸಲು ಅನಂತರ ದಿನಗಳೇ ಹಿಡಿಯುತ್ತವೆ. ಐದು ನಿಮಿಷದ ಮಾತನ್ನು ಮಾತ್ರ ಹೊಗಳುವವರು ಇದನ್ನು ಮರೆಯುವುದುಂಟು.

ಇನ್ನು ವಿಮಾನಪುರಕ್ಕೆ ಮರಳಬಹುದು. ಅರುಣಾ ಅವರು ವಿಜ್ಞಾನ ಸಂಸ್ಥೆಯಿಂದ ಕೋಡಿಹಳ್ಳಿಯ ವೈಮಾನಿಕ ಪ್ರಯೋಗಶಾಲೆಯ ಮೇಲ್ಮೈ ವಿಭಾಗಕ್ಕೆ ಬಂದರು. ಬೋಗುಣಿಯ ವಿದ್ಯೆಯೂ ಅವರೊಡನೆ ಬಂತು. ಇಲ್ಲಿ ಜಿರ್ಕೋನಿಯಾದ ಮುಖ್ಯವಾದ ಕೆಲಸವು ಲೇಪ. ಹತ್ತು ಸಾವಿರ ಡಿಗ್ರಿಗೂ ಮೀರಿದ ಪ್ಲಾಸ್ಮಾ ಎಂಬ ಉರಿಯಲ್ಲಿ ಪುಡಿಯನ್ನು ಊದಿ, ಕರಗಿದ ಹನಿಗಳನ್ನು ಲೋಹದ ಮೇಲೆ ಎರಚಿ ಪದರ ಕಟ್ಟುವುದು. ಬುರುಗಿನಂತಹ ಪುಡಿಯು ಕೊಳವೆಯಲ್ಲಿ ಹರಿಯದು. ಆದ್ದರಿಂದ ಅದನ್ನು ರವೆಯಂತೆ ಮಾಡಿಕೊಳ್ಳಬೇಕು. ಜೆಟ್ ಯಂತ್ರದ ಅಲಗುಗಳಿಗೆ ತೂಕದಲ್ಲಿ ನೂರಕ್ಕೆ ಆರರಿಂದ ಎಂಟರಷ್ಟು ಯಿಟ್ರಿಯಾ ಇರುವ ಜಿರ್ಕೋನಿಯಾವೇ ಉತ್ತಮವೆಂದು ೧೯೭೦ರ ದಶಕದಲ್ಲಿ ಅಮೆರಿಕದ ನಾಸಾದವರು ಪರೀಕ್ಷೆಗಳಿಂದ ತಿಳಿದರು. ಇಂಧನಕೋಶಕ್ಕೆ ಬೇಕಾದುದರ ಹೆಚ್ಚುಕಡಮೆ ಅರ್ಧದಷ್ಟು ಯಿಟ್ರಿಯಾ ಇದು.

ಇಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ಆ ಬರಿದಾದ ಮಣೆಗಳು ಶಾಖದ ಅಲೆಗಳನ್ನು ಚೆದರಿಸುವುದರಿಂದ ಲೇಪವು ಶಾಖಕ್ಕೆ ತಡೆಯಾಗುತ್ತದೆ, ಅದು ಗುಣ. ಅವೇ ಬರಿದಾದ ಮಣೆಗಳ ಮೂಲಕ ಆಮ್ಲಜನಕವು ಸುಲಭವಾಗಿ ಇಳಿದು ಕೆಳಗಿನ ಲೋಹವನ್ನು ಮುಟ್ಟುತ್ತದೆ, ಅದು ಅವಗುಣ. ಹೀಗೆ ಇಳಿದ ಆಮ್ಲಜನಕವು ಲೋಹದ ಮೇಲೆ ಭಸ್ಮದ ತೆಳುಪದರವನ್ನು ಬೆಳೆಸುತ್ತಾ ಹೋಗಿ, ಕೊನೆಗೊಂದು ದಿನ ಲೇಪವೇ ಸಿಪ್ಪೆಯಂತೆ ಎದ್ದುಹೋಗುತ್ತದೆ. ಇದನ್ನು ತಡೆಯಲೆಂದೇ ನಡುವೆ ಅಲ್ಯೂಮಿನಿಯಂ ಇರುವ ಮತ್ತೊಂದು ಮಿಶ್ರಲೋಹದ ಪದರವನ್ನು ಹಾಕುವರು. ಅದರ ಮೇಲೆ ಮೆಲ್ಲಗೆ ಬೆಳೆಯುವ ಅಲ್ಯೂಮಿನಾವು, ಕಿಂಗ್ಸ್‌ಲಿಯವರ ಬೋಗುಣಿಯಲ್ಲಿ ದೊರೆತ ಅದೇ ವಸ್ತು, ಆಮ್ಲಜನಕಕ್ಕೆ ಬಾಗಿಲನ್ನು ಹಾಕುತ್ತದೆ. ಲೇಪವನ್ನು ಬಳಿಯುವವನು ಆಮ್ಲಜನಕವು ದಾಟಬಾರದೆಂದು ಹಂಬಲಿಸುತ್ತಾನೆ. ಇಂಧನಕೋಶವನ್ನು ಕಟ್ಟುವವನು ಅದೇ ಆಮ್ಲಜನಕವು ಇನ್ನೂ ಬೇಗ ದಾಟಬೇಕೆಂದು ಹಂಬಲಿಸುತ್ತಾನೆ. ಒಂದೇ ಪ್ರಯೋಗಶಾಲೆಯಲ್ಲಿ ಈ ಎರಡು ಹಂಬಲಗಳೂ ಇದ್ದುವೆಂಬುದು ವಿಮಾನಪುರದ ವಿಶೇಷ. ೨೦೧೪ರಲ್ಲಿ ಅಲ್ಲಿಂದ ಶ್ರೀ ಪ್ರಕಾಶ್, ಸೆಂಥಿಲ್ ಕುಮಾರ್, ಅರುಣಾ ಇವರು ನಿಕ್ಕಲ್–ಜಿರ್ಕೋನಿಯಾ ವಿದ್ಯುದ್ದ್ವಾರವನ್ನು ಕುರಿತು ಲೋಕದಲ್ಲಿ ನಡೆದ ಕೆಲಸವನ್ನೆಲ್ಲ ಒಂದೆಡೆ ವಿಮರ್ಶಿಸಿ ಪ್ರಕಟಿಸಿದ ದೀರ್ಘ ಲೇಖನವು ಈ ಎರಡನೆಯ ಹಂಬಲದ ಫಲ.

ಈ ಪಿಂಗಾಣಿಯು ಇಂದು ಎಲ್ಲೆಲ್ಲಿ ಇದೆಯೆಂದರೆ, ಬಹುದೂರದಲ್ಲಿಯೂ ಇದೆ, ಬಹುಹತ್ತಿರದಲ್ಲಿಯೂ ಇದೆ. ೨೦೨೧ರ ಏಪ್ರಿಲಿನಲ್ಲಿ ಮಂಗಳಗ್ರಹದ ಮೇಲೆ ನಾಸಾದ ಯಂತ್ರವೊಂದು ಅಲ್ಲಿನ ಇಂಗಾಲಾಮ್ಲ ಅನಿಲವನ್ನು ಒಡೆದು, ಸ್ಥಿರೀಕೃತ ಜಿರ್ಕೋನಿಯಾದ ಮೂಲಕ ಆಮ್ಲಜನಕವನ್ನು ಸೋಸಿ, ಮೊದಲ ಸಲ ಐದು ಗ್ರಾಮಿನಷ್ಟನ್ನು ಸಂಗ್ರಹಿಸಿತು. ಹತ್ತಿರದ್ದು ಹೊಗೆಯ ಕೊಳವೆ. ಉರಿದು ಬಂದ ಹೊಗೆಯಲ್ಲಿ ಆಮ್ಲಜನಕವು ಎಷ್ಟು ಉಳಿದಿದೆಯೆಂದು ಅಳೆದು, ಯಂತ್ರಕ್ಕೆ ಪೆಟ್ರೋಲನ್ನು ಹೆಚ್ಚಿಸಲು ಅಥವಾ ತಗ್ಗಿಸಲು ಹೇಳುವ ಬೆರಳುಗಾತ್ರದ ಜಿರ್ಕೋನಿಯಾ ಉಪಕರಣವನ್ನು ಜರ್ಮನಿಯ ಬಾಷ್ ಕಂಪೆನಿಯವರು ೧೯೭೬ರಲ್ಲಿ ಮೊದಲು ಮೋಟಾರುಗಳಿಗೆ ಅಳವಡಿಸಿದರು. ನೆರ್ನ್ಸ್ಟನ ಅದೇ ಸೂತ್ರ, ಅದೇ ಮಿಲಿವೋಲ್ಟ್. ಭಾರತದಲ್ಲಿ ೨೦೨೦ರ ಏಪ್ರಿಲ್ ಒಂದರಿಂದ ಬಿ.ಎಸ್. ೬ ಎಂಬ ನಿಯಮವು ಜಾರಿಗೆ ಬಂದಮೇಲೆ ದ್ವಿಚಕ್ರ ವಾಹನಗಳಿಗೂ ಇಂತಹ ಅಳತೆಯ ಉಪಕರಣವು ಬಂತು. ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ, ಪ್ರಯೋಗಶಾಲೆಯ ಗೇಟಿನ ಮುಂದೆ ಸಾಯಂಕಾಲದ ಹೊತ್ತಿನಲ್ಲಿ ಸಾಲುಗಟ್ಟಿ ನಿಲ್ಲುವ ಹೊಸ ಮೋಟಾರು ಸೈಕಲ್ಲುಗಳಲ್ಲಿ, ಯಂತ್ರದಿಂದ ಹೊಗೆಯು ಹೊರಡುವೆಡೆಯಲ್ಲಿ, ಈ ಬಿಳಿಯ ಪಿಂಗಾಣಿಯ ಒಂದು ತುಂಡು ಕಾದು ಕುಳಿತು ಆಮ್ಲಜನಕವನ್ನು ಎಣಿಸುತ್ತಿರುತ್ತದೆ.